ಸಾರಿಸಿದ ಬಾಗಿಲುಗಳು

೭ನೇ ಅಕ್ಟೋಬರ್ ೧೯೧೮, ಸೋಮವಾರ. ನಂಜನಗೂಡು

ಸಂಜೆ ಪ್ರಾರ್ಥನೆ ಮುಗಿದ ಮೇಲೆ ಚೆಲುವಯ್ಯ ಮೇಷ್ಟರು ನನ್ನ ಹೆಸರು ಹಿಡಿದು ಕರೆದರು. ತಟ್ಟೆ ಸರಿಯಾಗಿ ತೊಳೆದಿಲ್ಲವೇನೋ ಎಂದುಕೊಂಡು ಹೋದೆ. ಕೈಗೆ ಒಂದು ಸೀಟಿ, ತೋಳಿಗೆ ಕಟ್ಟುವ ಕೆಂಪು ಪಟ್ಟಿ, ಈ ಪುಸ್ತಕ, ಮೂರನ್ನೂ ಕೊಟ್ಟು, "ಮರಿಸ್ವಾಮಿ, ನಿಮ್ಮ ದಳಕ್ಕೆ ನೀನೇ ಮುಂದಾಳು. ನಾಳೆ ಕೋಳಿ ಕೂಗುವ ಹೊತ್ತಿಗೆ ಗಾಡಿ ಹೊರಡುತ್ತದೆ" ಎಂದರು. ಆಗಲಿ ಸಾ ಎಂದೆನೋ ಇಲ್ಲವೋ ನೆನಪಿಲ್ಲ.

ನರಸೀಪುರದ ಸುತ್ತ ಹೊಸ ಜ್ವರ ಹಬ್ಬಿದೆ. ದೊಡ್ಡವರೇ ಹಾಸಿಗೆ ಹಿಡಿದಿರುವುದರಿಂದ ಹಳ್ಳಿಗಳಿಗೆ ಗಂಜಿ, ಔಷಧಿ ಮುಟ್ಟಿಸುವವರು ಇಲ್ಲ. ಅದಕ್ಕೆ ಈ ಬಡ ಹುಡುಗರ ಬೋರ್ಡಿಂಗಿನಿಂದ ನಾಲ್ಕು ನಾಲ್ಕು ಜನರ ದಳ ಮಾಡಿ ಕಳಿಸುತ್ತಿದ್ದಾರೆ. "ಮೂರು ವರ್ಷದಿಂದ ಊರವರು ನಿಮಗೆ ಅನ್ನ ಹಾಕಿದ್ದಾರೆ. ಈಗ ನೀವು ಬಡಿಸುವುದನ್ನು ಕಲಿಯಿರಿ" ಎಂದು ಮೇಷ್ಟರು ಹೇಳಿದರು. ಬಡಿಸುವುದಕ್ಕೆ ನಾನು ತಯಾರು. ಮುಂದೆ ನಿಂತು ಬಡಿಸು ಎಂದರೆ ನನ್ನಿಂದಾಗದು.

ನನ್ನ ದಳದಲ್ಲಿ ಸಿದ್ದರಾಜು, ಮಲ್ಲಯ್ಯ, ಬಸವಣ್ಣ. ಸಿದ್ದರಾಜು ನನಗಿಂತ ಒಂದು ವರ್ಷ ದೊಡ್ಡವನು, ಯಾರಿಗೂ ಹೆದರುವವನಲ್ಲ. ಅವನನ್ನು ಬಿಟ್ಟು ನನ್ನನ್ನು ಯಾಕೆ ಆರಿಸಿದರೋ ಆ ನಂಜುಂಡೇಶ್ವರನಿಗೇ ಗೊತ್ತು. ನನ್ನ ಅಕ್ಷರ ದುಂಡಗಿದೆ ಎಂದಿರಬೇಕು.

ನಿಯಮ ಐದು. ಐದನೆಯದನ್ನು ಮೇಷ್ಟರು ಎರಡು ಸಲ ಓದಿದರು: ನೆಂಟರ ಮನೆಯೊಳಕ್ಕೆ ಕಾಲಿಡಕೂಡದು, ಇಟ್ಟವನಿಗೆ ಬೋರ್ಡಿಂಗಿನಲ್ಲಿ ಜಾಗವಿಲ್ಲ. ಮೊದಲು ಹೋದ ದಳದವರು ಅಕ್ಕಿಯೆಲ್ಲ ನೆಂಟರ ಮನೆಗೆ ಸುರಿದು ಅಲ್ಲೇ ಉಂಡು ಮಲಗಿದ್ದರಂತೆ. ನಮಗೆ ಕೊಟ್ಟಿರುವ ಊರು ಹೊಳೆಕೊಪ್ಪಲು. ನಮ್ಮ ದೇವೀರಕ್ಕನನ್ನು ಕೊಟ್ಟಿರುವ ಊರು. ಬಾಯಿ ಬಿಟ್ಟು ಹೇಳೋಣವೆಂದರೆ ಮೇಷ್ಟರು ಆಗಲೇ ಬೇರೆ ದಳದ ಹೆಸರು ಓದುತ್ತಿದ್ದರು. ಜಾಗ ಹೋದರೆ ನನ್ನ ಓದು ಹೋಯಿತು. ನಮ್ಮೂರು ಬಿಳಿಗೆರೆಯಲ್ಲಿ ದನ ಕಾಯುವುದೇ.

ಪುಸ್ತಕದ ಮುಂದಿನ ಹಾಳೆಗಳಲ್ಲಿ ವರದಿ ಬರೆಯಬೇಕು. ಇದನ್ನು ಹಿಂದಿನಿಂದ ತಿರುಗಿಸಿ ನನಗಾಗಿ ಬರೆಯುತ್ತಿದ್ದೇನೆ.

೮ನೇ ಅಕ್ಟೋಬರ್, ಮಂಗಳವಾರ. ಹೊಳೆಕೊಪ್ಪಲು

ಮಧ್ಯಾಹ್ನ ಮೂರಕ್ಕೆ ಬಂದು ಇಳಿದೆವು. ಊರ ಮುಂದಿನ ಮಂಟಪದಲ್ಲಿ ನಮ್ಮ ಬೀಡು. ಅರವತ್ತು ಮನೆಯ ಊರು. ಬಂದ ಕೂಡಲೆ ಸೀಟಿ ಊದಿ ಜನ ಸೇರಿಸಬೇಕು ಎಂದು ನಿಯಮದಲ್ಲಿದೆ. ಬೀದಿಯ ನಡುವೆ ನಿಂತು ಊದಿದೆ, ಬರೀ ಉಸಿರು ಬಂತು. ಬಸವಣ್ಣ ಕಿಸಕ್ಕೆಂದ. ಸೀಟಿಯನ್ನು ಜೇಬಿಗೆ ಹಾಕಿಕೊಂಡೆ.

ಪಟೇಲ ಜವರಯ್ಯನವರ ಜಗಲಿಯ ಕೆಳಗೆ ನಿಂತು, ಊರಲ್ಲಿ ಎಷ್ಟು ಜನಕ್ಕೆ ಜ್ವರ ಎಂದು ಕೇಳಿದೆ. ಎಲೆಯಡಿಕೆ ಜಗಿಯುತ್ತಲೇ ಹೇಳಿದರು, "ಯಾರ್ಗೂ ಇಲ್ಲ ಕಣ್ರಪ್ಪ. ಎಲ್ಲಾ ಉಸಾರಾಗವ್ರೆ. ನೆಗಡಿ ಕೆಮ್ಮು ಯಾವೂರಲ್ಲಿಲ್ಲ?"

ಮನೆ ಮನೆಗೂ ಹೋದೆವು. ಎಲ್ಲ ಕಡೆ ಅದೇ ಮಾತು. ಬಾಗಿಲು ಅರ್ಧ ತೆರೆದು, ನಮ್ಮ ಕೆಂಪು ಪಟ್ಟಿ ನೋಡಿ, ಯಾರಿಗೂ ಇಲ್ಲ ಎಂದು ಮುಚ್ಚಿಕೊಳ್ಳುತ್ತಾರೆ. ಒಳಗಿಂದ ಕೆಮ್ಮು ಕೇಳುತ್ತಿರುತ್ತದೆ. ಒಬ್ಬ ಮುದುಕಿ ಮಾತ್ರ ನಿಜ ಹೇಳಿದಳು. "ಲೆಕ್ಕ ಬರ್ಕೊಂಡು ಓದ್ರೆ ಶೆಡ್ಡಿಗೆ ಆಕ್ತಾರೆ. ಪಿಲೇಗಿನಾಗೆ ಓದೋರು ಯಾರಾದ್ರೂ ತಿರುಗಿ ಬಂದ್ರಾ?"

ನಮ್ಮ ಅವ್ವನನ್ನೂ ಹಾಗೇ ರೋಗದವರನ್ನು ಬೇರೆ ಇಡುವ ಪ್ಲೇಗಿನ ಶೆಡ್ಡಿಗೆ ಕರೆದುಕೊಂಡು ಹೋದರು. ನನಗಾಗ ಏಳು ವರ್ಷ. ಆಮೇಲೆ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ದೇವೀರಕ್ಕ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನನ್ನ ಪಟ್ಟಿ, ಟೋಪಿ ನೋಡಿ ಮುಖ ಅರಳಿತು. "ಬಾರ್ಲಾ ಮರಿ ಒಳಕ್ಕೆ, ಮುದ್ದೆ ಉಣ್ಣು." ನಾನು ಬೀದಿಯಲ್ಲೇ ನಿಂತು ಐದನೆಯ ನಿಯಮ ಹೇಳಿದೆ. ಅಕ್ಕ ಕೇಳಿಸಿಕೊಂಡು, "ಅಂಗಾದ್ರೆ ಬರಬ್ಯಾಡ ಬುಡು. ಓದು ಮುಖ್ಯ. ನನ್ನ ತಮ್ಮ ಸರದಾರ ಆಗ್ಬುಟ್ಟ" ಎಂದು ನಕ್ಕಳು. ಅಕ್ಕನ ಅತ್ತೆ ಮಂಚಮ್ಮನಿಗೆ ಕಣ್ಣು ಕಾಣುವುದಿಲ್ಲ, ಭಾವ ಕೊಡಗಿನ ತೋಟದ ಕೆಲಸಕ್ಕೆ ಹೋಗಿದ್ದಾರೆ. ಆರು ವರ್ಷದ ಮಗಳು ಪುಟ್ಟಬಸಮ್ಮ ಅಕ್ಕನ ಸೀರೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಮೂವರೂ ಚೆನ್ನಾಗಿದ್ದಾರೆ. ಅಷ್ಟೇ ಇವತ್ತಿನ ಸಮಾಧಾನ.

೯ನೇ ಅಕ್ಟೋಬರ್

ಕಾಯಿಸಿದ ಗಂಜಿ ಪೂರ್ತಿ ಉಳಿಯಿತು. ಯಾರೂ ತೆಗೆದುಕೊಳ್ಳಲಿಲ್ಲ. "ಯಾರು ಕಾಯ್ಸಿದ್ದು?" ಎಂದು ಕೇಳಿದವರಿಗೆ ಸಿದ್ದರಾಜು "ಬೆಂಕಿ" ಎಂದು ಹೇಳಿ ಜಗಳ ತಂದ.

ಮೇಷ್ಟರಿಗೆ ಕಾಗದ ಬರೆದು ಅಕ್ಕಿ ಗಾಡಿಯವನ ಕೈಯಲ್ಲಿ ಕಳಿಸಿದೆ. 'ನನ್ನಿಂದ ಈ ಕೆಲಸ ಆಗುವುದಿಲ್ಲ. ಜನ ನನ್ನ ಮಾತು ಕೇಳುವುದಿಲ್ಲ, ದಳದವರೂ ಕೇಳುವುದಿಲ್ಲ. ದಯಮಾಡಿ ನನ್ನನ್ನು ಬಿಡಿಸಿ ಸಿದ್ದರಾಜುವನ್ನು ಮುಂದಾಳು ಮಾಡಬೇಕು.' ಬರೆದ ಮೇಲೆ ಎರಡು ದಿನದಿಂದ ಸೇರದ ಅನ್ನ ಸೇರಿತು.

೧೦ನೇ ಅಕ್ಟೋಬರ್, ಗುರುವಾರ

ಇವತ್ತು ಒಂದು ಉಪಾಯ ಹೊಳೆಯಿತು. ನನಗೇ ಹೊಳೆಯಿತು!

ಬೆಳಿಗ್ಗೆ ಹೊಳೆಯಿಂದ ನೀರು ಹೊತ್ತು ಬರುವಾಗ ನೋಡಿದೆ. ಒಂದು ಮನೆಯ ಮುಂದೆ ನೆಲ ಒಣಗಿ ದೂಳು ಹಿಡಿದಿದೆ, ಮುಂದಿನ ಮನೆಯದು ಸಗಣಿ ನೀರು ಹಾಕಿ ಸಾರಿಸಿ ರಂಗೋಲಿ ಬಿಟ್ಟು ಘಮ್ಮೆನ್ನುತ್ತಿದೆ. ಮನೆಯ ಹೆಂಗಸು ಎದ್ದು ಓಡಾಡುವ ಹಾಗಿದ್ದರೆ ಬಾಗಿಲು ಸಾರಿಸದೆ ಬಿಡುತ್ತಾಳೆಯೇ? ಅಲಂಕಾರಕ್ಕೆ ಅಲ್ಲ, ಅದು ಮುಗಿಯದೆ ಒಲೆ ಹೊತ್ತಿಸುವುದಿಲ್ಲ. ಸಾರಿಸಿಲ್ಲ ಎಂದರೆ ಏಳಲಾಗಿಲ್ಲ ಎಂದೇ ಅರ್ಥ. ಯಾರನ್ನೂ ಏನೂ ಕೇಳಬೇಕಾಗಿಲ್ಲ.

ನಾಲ್ವರೂ ಬೀದಿ ಹಂಚಿಕೊಂಡು ನೋಡಿದೆವು. ಅರವತ್ತರಲ್ಲಿ ಹದಿನೆಂಟು ಮನೆ ಸಾರಿಸಿರಲಿಲ್ಲ. ಆ ಹದಿನೆಂಟು ಮನೆಯ ಬಾಗಿಲಲ್ಲಿ ಗಂಜಿ ಚೊಂಬು ಇಟ್ಟು, ಮಾತಾಡದೆ ಬಂದೆವು. ಸಂಜೆ ಹೋಗಿ ನೋಡಿದರೆ ಎಲ್ಲ ಚೊಂಬೂ ಖಾಲಿ. ಹದಿನೆಂಟು ಮನೆಯಲ್ಲೂ ಜ್ವರ. ಮಲ್ಲಯ್ಯ ನನ್ನ ಬೆನ್ನು ತಟ್ಟಿದ. ಸಿದ್ದರಾಜು ನಾಳೆಗೆ ಸೌದೆ ಒಡೆದಿಟ್ಟ.

ಅಕ್ಕನ ಬಾಗಿಲಲ್ಲಿ ಎಂಟೆಸಳಿನ ಪದ್ಮ. ಮದುವೆಗೆ ಮುಂಚೆ ನಮ್ಮ ಮನೆಯಲ್ಲೂ ಅವಳು ಅದನ್ನೇ ಬಿಡುತ್ತಿದ್ದುದು. ಇನ್ನು ಒಳಕ್ಕೆ ಹೋಗದೆಯೂ ಅಕ್ಕನ ಕ್ಷೇಮ ತಿಳಿಯಬಹುದು. ದಿನಾ ಬೆಳಿಗ್ಗೆ ಅದೊಂದು ಕಾಗದ ಬಂದ ಹಾಗೆ.

೧೨ನೇ ಅಕ್ಟೋಬರ್, ಶನಿವಾರ

ಪಟೇಲರು ಕರೆಸಿದ್ದರು. ಹದಿನಾರು ವರ್ಷದ ಹುಡುಗನಿಗೆ ಯಾವ ಮನೆಯಲ್ಲಿ ಜ್ವರ ಎಂದು ಹೇಗೆ ಗೊತ್ತಾಗುತ್ತದೆ ಎಂದು ಅವರಿಗೆ ಆಶ್ಚರ್ಯ. ಜಗಲಿಯಲ್ಲಿ ಇನ್ನೂ ಎಂಟು ಹತ್ತು ಜನ ಇದ್ದರು. "ಅದೇನ್ ಮಾಟವೋ, ಎಂಗ್ ಕಂಡ್ ಇಡೀತಿಯಪ್ಪ?" ಎಂದರು. ನಾನು ಬಾಗಿಲು ಸಾರಿಸುವ ವಿಷಯ ಬಿಡಿಸಿ ಬಿಡಿಸಿ ಹೇಳಿದೆ. ಪಟೇಲರು ತೊಡೆ ತಟ್ಟಿ ನಕ್ಕರು. "ಐನಾತಿ ಬುದ್ಧಿ ಕಣ್ಲಾ! ನಮ್ ಎಂಗಸ್ರ ಗುಟ್ಟೆಲ್ಲಾ ಬಾಗ್ಲಲ್ಲೇ ಐತೆ ಅನ್ನು!"

ಸುಳ್ಳು ಯಾಕೆ, ಎರಡು ಕೋಡು ಮೂಡಿದವು. ಮಂಟಪಕ್ಕೆ ಬರುವವರೆಗೂ ಎದೆಯುಬ್ಬಿಸಿಕೊಂಡೇ ನಡೆದೆ.

೧೩ನೇ ಅಕ್ಟೋಬರ್, ಭಾನುವಾರ

ಸಾರಿಸದ ಬಾಗಿಲು ಹತ್ತು. ನಿನ್ನೆ ಹದಿನೇಳಿತ್ತು.

ಅಕ್ಕನ ಪದ್ಮ ಇವತ್ತು ಸ್ವಲ್ಪ ವಕ್ರ. ಹೊತ್ತಾಗಿತ್ತೇನೋ.

೧೪ನೇ ಅಕ್ಟೋಬರ್

ನಾಲ್ಕೇ ನಾಲ್ಕು! ಜ್ವರ ಇಳಿಯುತ್ತಿದೆ. ನಮ್ಮ ಗಂಜಿ, ನಮ್ಮ ಔಷಧಿ ಕೆಲಸ ಮಾಡಿದೆ. ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಅಕ್ಕಿ ಕಳಿಸುವ ಪರಿಹಾರದ ಸಮಿತಿಗೆ ಅದನ್ನೇ ಕಳಿಸಿದೆ. ಸೀಟಿ ಊದುವುದನ್ನೂ ಹೊಳೆ ದಂಡೆಯಲ್ಲಿ ಯಾರೂ ಇಲ್ಲದಾಗ ಅಭ್ಯಾಸ ಮಾಡಿದೆ. ಮೇಷ್ಟರು ಆ ನನ್ನ ಕಾಗದಕ್ಕೆ ಇನ್ನೂ ಉತ್ತರ ಬರೆದಿಲ್ಲ. ಬರೆಯದಿದ್ದರೂ ಚಿಂತೆಯಿಲ್ಲ.

ಅಕ್ಕ ಇವತ್ತು ಏಳೇ ಎಸಳು ಬಿಟ್ಟಿದ್ದಾಳೆ. ಮರೆತಿರಬೇಕು. ನನಗಿಂತ ಮರೆಗುಳಿ ಅವಳು.

೧೬ನೇ ಅಕ್ಟೋಬರ್, ಬುಧವಾರ

ಸಾರಿಸದ ಬಾಗಿಲು ಒಂದೇ ಒಂದು. ಇನ್ನೊಂದು ಮನೆಯಲ್ಲಿ, ಅಕ್ಕನ ಪಕ್ಕದ ರಂಗನಾಯಕನದು, ಬರೀ ಸಗಣಿ ನೀರು ಎರಚಿದ್ದಾರೆ, ರಂಗೋಲಿ ಇಲ್ಲ. ಅವನ ಹೆಂಡತಿ ರಾಚಮ್ಮ ಸೋಮಾರಿಯಿರಬೇಕು ಎಂದು ಬಸವಣ್ಣ ಅಂದ.

ಸಮಿತಿಯವರು ನನ್ನ ವರದಿ ನೋಡಿ ಅಕ್ಕಿಯನ್ನು ಕಾಲುಭಾಗಕ್ಕೆ ಇಳಿಸಿದ್ದಾರೆ. ಸರಿಯೇ. ಬೇರೆ ಊರಿಗೆ ಆಗುತ್ತದೆ.

ಆದರೆ ಒಂದು ಅರ್ಥವಾಗುತ್ತಿಲ್ಲ. ಮಧ್ಯಾಹ್ನ ಹೊಳೆ ದಂಡೆಯ ಮಸಣದ ಕಡೆ ಒಂದು ಹೆಣ ಹೋಯಿತು. ನಿನ್ನೆಯೂ ಒಂದು ಹೋಯಿತು. ಎರಡೂ ಸಾರಿಸಿದ ಮನೆಗಳವು. ಪಟೇಲರನ್ನು ಕೇಳಿದರೆ ವಯಸ್ಸಾಗಿತ್ತು ಎಂದರು.

೧೭ನೇ ಅಕ್ಟೋಬರ್, ಗುರುವಾರ

ಸಿದ್ದರಾಜುವಿಗೂ ನನಗೂ ಜಗಳ. ಇವತ್ತು ಊರಲ್ಲಿ ಹೊಗೆ ಏಳುವ ಮನೆಗಳನ್ನು ಅವನು ನೋಡಿಕೊಂಡು ಬಂದಿದ್ದಾನೆ. ಅರವತ್ತರಲ್ಲಿ ಇಪ್ಪತ್ತೈದು ಮನೆಯಲ್ಲಿ ಒಲೆ ಉರಿದಿಲ್ಲವಂತೆ. "ಬಾಗ್ಲು ನೋಡ್ಕಂಡು ಓದ್ರೆ ಒಳಗಿನ್ ಜ್ವರ ಕಾಣ್ತದೇನ್ಲಾ?" ಎಂದ. ಅಕ್ಕಿಯಿಲ್ಲದೆ ಒಲೆ ಹೊತ್ತಿಸಿಲ್ಲ, ಈ ಸಲ ಮಳೆಯೇ ಇಲ್ಲವಲ್ಲ ಎಂದು ನಾನು ವಾದ ಮಾಡಿದೆ. "ಮುಂದಾಳು ಯಾರು, ನೀನೋ ನಾನೋ?" ಎಂದುಬಿಟ್ಟೆ. ಅವನು ಎದ್ದು ಹೋದ.

ಎರಡೂ ಕಡೆಯಿಂದ ಯೋಚನೆ ಮಾಡಿದೆ. ಅವನು ಹೇಳುವುದು ನಿಜವಾದರೆ ನಾನು ಕಳಿಸಿದ ವರದಿ ಸುಳ್ಳು. ಸುಳ್ಳು ವರದಿ ನೋಡಿಯೇ ಅಕ್ಕಿ ಇಳಿಸಿದ್ದು. ಹಾಗಾಗುವುದಕ್ಕೆ ಸಾಧ್ಯವಿಲ್ಲ. ಇಷ್ಟು ಮನೆಯವರೂ ಜ್ವರದಲ್ಲಿ ಎದ್ದು ಬಂದು ಬಾಗಿಲು ಸಾರಿಸುತ್ತಾರೆಯೇ? ಯಾಕೆ ಸಾರಿಸಬೇಕು? ನಾಳೆ ಮೂಡಲು ಕೆಂಪಾಗುವ ಮೊದಲೇ ಬೀದಿಗೆ ಹೋಗಿ, ಯಾರು ಸಾರಿಸುತ್ತಾರೆ ಎಂದು ನನ್ನ ಕಣ್ಣಿಂದಲೇ ನೋಡುತ್ತೇನೆ.

೧೮ನೇ ಅಕ್ಟೋಬರ್, ಶುಕ್ರವಾರ

ಹೇಗೆ ಬರೆಯಲಿ.

ಬೆಳಗಿನ ಜಾವ ಅಕ್ಕನ ಬೀದಿಗೆ ಹೋದೆ. ಬಾಗಿಲಲ್ಲಿ ಪುಟ್ಟಬಸಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಕರಟದ ತುಂಬ ರಂಗೋಲಿ ಪುಡಿ. ನಾಲಿಗೆ ಕಚ್ಚಿಕೊಂಡು ಎಸಳು ಎಳೆಯುತ್ತಿದ್ದಳು. ಸಗಣಿ ನೀರು ಮೈಮೇಲೆಲ್ಲ ಚೆಲ್ಲಿಕೊಂಡಿತ್ತು.

"ಅವ್ವ ಎಲ್ಲಿ?" ಎಂದೆ.

"ಮನೀಕಂಡವ್ಳೆ."

"ಎಷ್ಟ್ ದಿನದಿಂದ ನೀನು ಬುಡ್ತಿದ್ದೀಯೆ?"

ಬೆರಳು ಮಡಿಸಿ ನೋಡಿ, ಆಮೇಲೆ ಎರಡೂ ಕೈ ತೋರಿಸಿದಳು. ಅವಳಿಗೆ ಎಣಿಸುವುದಕ್ಕೆ ಬರುವುದಿಲ್ಲ. ನನಗೆ ಬರುತ್ತದೆ. ಪದ್ಮ ವಕ್ರವಾದದ್ದು ಭಾನುವಾರ.

ಬಾಗಿಲು ತಳ್ಳಲು ಹೋದೆ. ಮಗು ಎರಡೂ ಕೈ ಚಾಚಿ ಅಡ್ಡ ನಿಂತಳು. "ಮಾವ ಬಂದ್ರೆ ಒಳಕ್ ಬುಡ್ಬೇಡ ಅಂತ ಅವ್ವ ಯೋಳವ್ಳೆ. ಒಳಕ್ ಬಂದ್ರೆ ನಿನ್ನ ಇಸ್ಕೂಲಿಂದ ಓಡಿಸ್ಬುಡ್ತಾರಂತೆ. ರಂಗೋಲೆ ಇದ್ರೆ ನೀನು ನೋಡ್ಕಂಡು ಅಂಗೇ ಓಯ್ತೀಯಂತೆ."

ಐದನೆಯ ನಿಯಮ ನೆನಪಿಗೆ ಬಂತು. ನಿಜ ಬರೆಯಬೇಕಲ್ಲ, ಒಂದು ಗಳಿಗೆ ಆ ಹೊಸ್ತಿಲ ಮುಂದೆ ಲೆಕ್ಕ ಹಾಕುತ್ತ ನಿಂತೆ. ಒಂದೇ ಗಳಿಗೆ. ಆದರೆ ನಿಂತದ್ದು ನಿಂತದ್ದೇ.

ಮಗುವನ್ನು ಎತ್ತಿಕೊಂಡು ಒಳಕ್ಕೆ ಹೋದೆ. ಅಕ್ಕನ ಮೈ ಕೆಂಡ. ತುಟಿ ಒಡೆದು ರಕ್ತ ಹೆಪ್ಪುಗಟ್ಟಿದೆ. ಅತ್ತೆ ಮಂಚಮ್ಮ ಮೂಲೆಯಲ್ಲಿ ಕೂತು, ಕಣ್ಣು ಕಾಣದೆ, ಒದ್ದೆ ಬಟ್ಟೆಯನ್ನು ತಡವಿ ತಡವಿ ಅಕ್ಕನ ಹಣೆಗೆ ಇಡುತ್ತಿದ್ದರು. ಒಲೆಯಲ್ಲಿ ತಣ್ಣನೆ ಬೂದಿ. ನನ್ನ ದನಿ ಕೇಳಿ ಅಕ್ಕ ಕಣ್ಣು ಬಿಟ್ಟು, "ಯಾಕ್ಲಾ ಬಂದೆ? ಆಚೆಗೋಗು" ಎಂದಳು. ಅಷ್ಟಕ್ಕೇ ಸುಸ್ತಾಗಿ ಕಣ್ಣು ಮುಚ್ಚಿದಳು.

ಐದು ದಿನ ಆ ಬಾಗಿಲು ನೋಡಿ ನಿಶ್ಚಿಂತೆಯಾಗಿ ಹೋಗಿದ್ದೇನೆ. ಏಳೆಸಳು ನೋಡಿ ನಗಾಡಿಕೊಂಡು ಹೋಗಿದ್ದೇನೆ.

೧೯ನೇ ಅಕ್ಟೋಬರ್, ಶನಿವಾರ

ನಿನ್ನೆ ಅಲ್ಲಿಗೇ ನಿಲ್ಲಿಸಿದೆ. ಮಿಕ್ಕದ್ದು ಇವತ್ತು ಬರೆಯುತ್ತೇನೆ.

ಅಕ್ಕನಿಗೆ ನೀರು ಕುಡಿಸಿ ಹೊರಗೆ ಬಂದು ಬೀದಿ ನೋಡಿದೆ. ಎಲ್ಲ ಬಾಗಿಲೂ ಲಕ್ಷಣವಾಗಿ ಸಾರಿಸಿದ್ದವು. ಆಗ ಅರ್ಥವಾಯಿತು. ಪಟೇಲರ ಜಗಲಿಯಲ್ಲಿ ನಾನು ಹೇಳಿದ ಗುಟ್ಟು ಅವತ್ತೇ ಊರೆಲ್ಲ ಸುತ್ತಿದೆ. ಬಾಗಿಲು ಸಾರಿಸದಿದ್ದರೆ ಹುಡುಗರು ಬರೆದುಕೊಳ್ಳುತ್ತಾರೆ, ಬರೆದುಕೊಂಡರೆ ಶೆಡ್ಡು. ಅದಕ್ಕೆ ತೆವಳಿಕೊಂಡಾದರೂ ಬಂದು ಸಾರಿಸಿದ್ದಾರೆ. ನಾನು ಅದನ್ನೇ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದ್ದೇನೆ.

ಬೀದಿಯ ನಡುವೆ ನಿಂತು ಸೀಟಿ ಊದಿದೆ. ದಳದವರು ಓಡಿ ಬಂದರು. ಜನರೂ ಬಾಗಿಲಿಗೆ ಬಂದರು. ಅಕ್ಕನ ಬಾಗಿಲು ತೋರಿಸಿ, "ಇದು ನಮ್ಮಕ್ಕನ ಮನೆ. ಒಳಗೆ ಜ್ವರ ಐತೆ. ನಾನು ಒಳಕ್ ಓಗಿದ್ದೆ. ಶೆಡ್ಡಿಗೆ ಕರ್ಕೊಂಡೋಗೋರು ಬಂದ್ರೆ ಮೊದ್ಲು ನಮ್ಮಕ್ಕನ್ನ ಕರ್ಕೊಂಡೋಗ್ಬೇಕು, ನಾನು ಬುಡಾಕಿಲ್ಲ. ಈಗ ನಿಮ್ ಬಾಗ್ಲು ತಗೀರಿ" ಎಂದು ಕೂಗಿದೆ. ಇಷ್ಟು ಮಾತು ಯಾವ ಬಾಯಿಂದ ಬಂತೋ ಕಾಣೆ. ಮೊದಲು ಶೆಡ್ಡಿನ ಮಾತು ಹೇಳಿದ್ದ ಆ ಮುದುಕಿ ಬಾಗಿಲು ತೆಗೆದಳು.

ಮೂವತ್ತೊಂದು ಮನೆಯಲ್ಲಿ ಜ್ವರ.

ರಂಗನಾಯಕನ ಬಾಗಿಲು ನಾನೇ ತಟ್ಟಿದೆ. ಅವನು ಗೋಡೆಗೆ ಒರಗಿ ಕೂತಿದ್ದ. ರಾಚಮ್ಮ ಮಲಗಿದ್ದಳು. ಹತ್ತಿರ ಹೋದ ಮೇಲೆ ತಿಳಿಯಿತು, ಅವಳು ಮಲಗಿರಲಿಲ್ಲ. "ನೆನ್ನೆ ಒತ್ತು ಮುಳುಗೋವಾಗ ಓದ್ಲು ಕಣಪ್ಪ" ಎಂದ. "ಬಾಗ್ಲ ನಾನೇ ಸಾರುಸ್ತಿದ್ದೆ. ಗಂಡಸು ಸಾರುಸ್ತಾನೆ ಅಂತ ನಗಾಡ್ತಾರೆ ಅಂದ್ಬುಟ್ಟು ಬೆಳಕರಿಯೋಕೆ ಮುಂಚೇನೇ ಸಾರುಸ್ತಿದ್ದೆ. ರಂಗೋಲೆ ನಂಗ್ ಬರಾಕಿಲ್ಲ." ನಿನ್ನೆ ಬೆಳಿಗ್ಗೆಯೂ ಸಾರಿಸಿದ್ದಾನೆ. ಹೆಂಡತಿಯ ಹೆಣ ಒಳಗಿಟ್ಟುಕೊಂಡು ಬಾಗಿಲು ಸಾರಿಸಿದ್ದಾನೆ.

ಅವಳನ್ನು ಸೋಮಾರಿ ಎಂದು ಈ ಪುಸ್ತಕದಲ್ಲಿ ಬರೆದಿದ್ದೇನೆ. ಬಸವಣ್ಣ ಅಂದ ಎಂದು ಬರೆದಿದ್ದೇನೆ, ಆದರೆ ನಾನೂ ನಕ್ಕಿದ್ದೆ. ಹೊಡೆದು ಹಾಕೋಣವೆಂದು ಮಸಿ ಹಚ್ಚಲು ಹೋದೆ, ಮನಸ್ಸು ಒಪ್ಪಲಿಲ್ಲ. ಇರಲಿ.

ಹೊರಲು ನಾಲ್ವರು ಬೇಕಲ್ಲ, ಊರಲ್ಲಿ ಗಂಡಸರು ಏಳುವ ಸ್ಥಿತಿಯಲ್ಲಿರಲಿಲ್ಲ. ನಾವು ನಾಲ್ವರೇ ಹೊತ್ತೆವು.

೨೦ನೇ ಅಕ್ಟೋಬರ್

ಅಕ್ಕಿ ಮುಗಿಯಿತು. ಪಟೇಲರ ಮನೆಗೆ ಹೋಗಿ ಜಗಲಿಯ ಮೇಲೆ ಕೂತು, ಕಣಜ ತೆಗೆಸಿ ಎಂದೆ. ಅವರು ಮೇಲಿಂದ ಕೆಳಗೆ ನೋಡಿದರು. "ಜಗಲಿಯಲ್ಲಿ ಗುಟ್ಟು ಕೇಳಿಸ್ಕೊಂಡೋರು ನೀವು. ಯೋಳ್ದೋನು ನಾನು. ಇಬ್ರೂ ಸೇರಿ ಈಗ ಗಂಜಿ ಕಾಯಿಸ್ಬೇಕು" ಎಂದೆ. ಎಲೆಯಡಿಕೆ ಉಗಿದು ಬಂದು ಬೀಗದ ಕೈ ಕೊಟ್ಟರು.

ಸಮಿತಿಗೆ ಹೊಸ ವರದಿ ಕಳಿಸಿ, ಮೇಷ್ಟರಿಗೆ ಕಾಗದ ಬರೆದೆ. ನನ್ನ ವರದಿ ತಪ್ಪು, ಮೂವತ್ತೊಂದು ಮನೆಗೆ ಅಕ್ಕಿ ಬೇಕು, ಗುರುವಾರದೊಳಗೆ ಬಾರದಿದ್ದರೆ ನಾನೇ ಬಂದು ಸಮಿತಿಯವರ ಮುಂದೆ ನಿಲ್ಲುತ್ತೇನೆ. ಐದನೆಯ ನಿಯಮ ಮುರಿದಿದ್ದೇನೆ, ದಿನಾ ಮುರಿಯುತ್ತಿದ್ದೇನೆ. ರಾಚಮ್ಮ ಎಂಬುವಳು ನನ್ನ ತಪ್ಪಿನಿಂದ ಸತ್ತಳು.

ಬೋರ್ಡಿಂಗಿನ ಜಾಗ ಹೋಯಿತು ಎಂದೇ ಲೆಕ್ಕ. ಮಲ್ಲಯ್ಯ ಕರೆಯುತ್ತಿದ್ದಾನೆ, ಗಂಜಿ ತಳ ಹಿಡಿಯುತ್ತಿದೆಯಂತೆ.

೨೧

ಅಕ್ಕನ ಉಸಿರು ಗೊರಗುಟ್ಟುತ್ತಿದೆ. ಯಾರನ್ನೋ ಬಯ್ಯುತ್ತಾಳೆ. ನನ್ನ ಗುರುತು ಹತ್ತಲಿಲ್ಲ.

೨೨

ಹಾಗೇ ಇದೆ. ಬಸವಣ್ಣನಿಗೂ ಮೈ ಬಿಸಿ. ಅವನಿಗಿನ್ನೂ ಹದಿನಾಲ್ಕು. ಅವರ ಅವ್ವನಿಗೆ ಏನು ಹೇಳಲಿ.

೨೩

ದೇವರೇ.

೨೫ನೇ ಅಕ್ಟೋಬರ್, ಶುಕ್ರವಾರ

ಬೆಳಿಗ್ಗೆ ಅಕ್ಕನ ಮೈ ಬೆವತು ಸೀರೆಯೆಲ್ಲ ತೊಯ್ದಿತ್ತು. ಕಣ್ಣು ಬಿಟ್ಟು, "ಕೂಸಿಗೆ ಉಣ್ಣಾಕಿಕ್ಕಿದ್ರಾ?" ಎಂದಳು. ನಾನು ಅತ್ತುಬಿಟ್ಟೆ. ಕಣ್ಣು ಕಾಣದ ಮಂಚಮ್ಮನವರು ನನ್ನ ತಲೆ ತಡವಿ ನಕ್ಕರು. "ಸರದಾರ ಅಳ್ತಾವ್ನೆ."

ಬಸವಣ್ಣನಿಗೆ ಗಂಜಿ ಸೇರುತ್ತಿದೆ. ಅಕ್ಕಿ ಗಾಡಿ ನಿನ್ನೆಯೇ ಬಂತು, ಕಾಗದ ಬರಲಿಲ್ಲ. ಮೇಷ್ಟರಿಗೂ ಜ್ವರವಂತೆ.

ರಂಗನಾಯಕ ಗಂಜಿ ಕುಡಿಯುವುದಿಲ್ಲ. ಎದುರಿಗೆ ಕೂತು, "ನೀ ಕುಡಿಯೋಗಂಟ ನಾನೂ ಉಣ್ಣಾಕಿಲ್ಲ" ಎಂದೆ. ಮಧ್ಯಾಹ್ನ ಮೂರು ಗಂಟೆಯವರೆಗೂ ಇಬ್ಬರೂ ಹಾಗೇ ಕೂತಿದ್ದೆವು. ಆಮೇಲೆ ಕುಡಿದ. ನನ್ನ ಕಡೆ ಒಂದು ಸಲವೂ ನೋಡಲಿಲ್ಲ, ನೋಡಬೇಕೆಂದು ನಾನೂ ಬಯಸಲಿಲ್ಲ.

೩೦ನೇ ಅಕ್ಟೋಬರ್

ಜ್ವರ ಇರುವ ಮನೆ ಹನ್ನೆರಡು. ಈ ಲೆಕ್ಕ ಬಾಗಿಲು ತಟ್ಟಿ, ಒಳಗೆ ಹೋಗಿ, ಮೈ ಮುಟ್ಟಿ ಬರೆದದ್ದು. ಒಟ್ಟು ಏಳು ಜನ ಹೋದರು. ಏಳೂ ಹೆಸರು ವರದಿಯಲ್ಲಿ ಬರೆದೆ.

ಸಿದ್ದರಾಜು ಹೊಳೆಯಾಚೆಯ ಊರಿನ ಸಮಾಚಾರ ತಂದಿದ್ದಾನೆ. ಅಲ್ಲಿ ಯಾವ ದಳವೂ ಹೋಗಿಲ್ಲವಂತೆ. ಇಲ್ಲಿ ಗುಣವಾಗಿರುವ ಹುಡುಗರಲ್ಲಿ ಇಬ್ಬರು ತಾವೂ ಬರುತ್ತೇವೆ ಎನ್ನುತ್ತಿದ್ದಾರೆ. ಅವರಿಗೆ ಕೆಂಪು ಪಟ್ಟಿ ಇಲ್ಲ. ನನ್ನದನ್ನು ಎರಡು ತುಂಡು ಮಾಡಿ ಕೊಟ್ಟೆ.

೫ನೇ ನವೆಂಬರ್, ಮಂಗಳವಾರ

ದೀಪಾವಳಿ ಕಳೆಯಿತು. ಭಾವ ಕೊಡಗಿನಿಂದ ಬಂದಿದ್ದಾರೆ.

ಇವತ್ತು ಮೇಷ್ಟರ ಕಾಗದ ಬಂತು. ಜ್ವರದಲ್ಲಿ ಮಲಗಿದ್ದರಿಂದ ನನ್ನ ಎರಡು ಕಾಗದಗಳನ್ನೂ ಒಂದೇ ದಿನ ಓದಿದರಂತೆ. 'ಒಂಬತ್ತನೇ ತಾರೀಖಿನ ಅರ್ಜಿಯಂತೆ ನಿನ್ನನ್ನು ಬಿಡಿಸಿದ್ದೇನೆ. ಸೀಟಿಯನ್ನು ಸಿದ್ದರಾಜುವಿಗೆ ಕೊಟ್ಟು ನೀನು ಬರಬಹುದು. ನಿಯಮ ಮುರಿದದ್ದರ ವಿಚಾರಣೆ ಇಲ್ಲಿ ಆಗಲೇಬೇಕು, ಅದು ನನ್ನೊಬ್ಬನ ಕೈಯಲ್ಲಿಲ್ಲ, ನಿನ್ನ ಪರವಾಗಿ ಮಾತಾಡುತ್ತೇನೆ. ಒಂದು ಮಾತು ಕೇಳಬೇಕಾಗಿದೆ. ಈ ಎರಡು ಕಾಗದಗಳನ್ನೂ ಬರೆದವನು ಒಬ್ಬನೇ ಏನು?'

ಯಾವ ಅರ್ಜಿ ಎಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಒಬ್ಬನೇ ಬರೆದನೇ ಎಂದು ಯಾಕೆ ಕೇಳಿದರೋ ತಿಳಿಯಲಿಲ್ಲ. ಎರಡರಲ್ಲೂ ಅಕ್ಷರ ನನ್ನದೇ ಇದೆಯಲ್ಲ. ಜ್ವರದಿಂದ ಎದ್ದವರು, ಕಣ್ಣು ಮಂಜಾಗಿರಬೇಕು.

ಕಾಗದವನ್ನು ಸಿದ್ದರಾಜುವಿಗೆ ಕೊಟ್ಟೆ. ಓದಿ ಮಡಿಸಿ ನನ್ನ ಜೇಬಿಗೇ ತುರುಕಿದ. "ಆಚೆ ದಡಕ್ಕೆ ತೆಪ್ಪ ಎಷ್ಟೊತ್ತಿಗೆ ಬರಾಕೆ ಯೋಳ್ಲಿ?" ಎಂದ. ನಾಳೆ ಬಿಸಿಲೇರುವ ಮುಂಚೆ ಎಂದೆ. ವಿಚಾರಣೆಯ ಭಯ ಇದ್ದೇ ಇದೆ, ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ಅದು ಆಚೆ ಊರು ಮುಗಿದ ಮೇಲಿನ ಮಾತು.

೬ನೇ ನವೆಂಬರ್, ಬುಧವಾರ

ತೆಪ್ಪ ಹತ್ತುವ ಮುಂಚೆ ಬೀದಿ ಸುತ್ತಲು ಹೋದೆ. ಅಕ್ಕನ ಬಾಗಿಲಲ್ಲಿ ಎಂಟೆಸಳಿನ ಪದ್ಮ. ಗೆರೆ ಅಲ್ಲಲ್ಲಿ ನಡುಗಿತ್ತು, ಎಸಳು ಮಾತ್ರ ಎಂಟೂ ಇದ್ದವು. ಬೀದಿಯಲ್ಲೇ ನಿಂತು "ಅಕ್ಕಾ" ಎಂದು ಕೂಗಿದೆ.

"ರಂಗೋಲೆ ಕಾಣಾಕಿಲ್ವೇನ್ಲಾ? ನಾನೇ ಬುಟ್ಟಿರೋದು" ಎಂದು ಒಳಗಿಂದ ದನಿ ಬಂತು.

"ಕಾಣ್ತದೆ. ನೀನು ಬಂದು ಮೊಕ ತೋರ್ಸು."

ಬಾಗಿಲ ತೋಳು ಹಿಡಿದುಕೊಂಡು ಬಂದು ನಿಂತಳು. ಸೊರಗಿ ಅರ್ಧ ಆಗಿದ್ದಾಳೆ. ಹಿಂದೆ ಪುಟ್ಟಬಸಮ್ಮ. "ಸಾಕಾ?" ಎಂದಳು. ಸಾಕು ಎಂದು ಮುಂದಿನ ಮನೆಗೆ ಹೋದೆ.

ರಂಗನಾಯಕನ ಬಾಗಿಲು ಸಾರಿಸಿರಲಿಲ್ಲ. ಒಣಗಿದ ನೆಲ, ಮೇಲೆ ಎರಡು ಬೇವಿನ ಎಲೆ ಬಿದ್ದಿದ್ದವು. ಅಲ್ಲೂ ನಿಂತು ಕೂಗಿದೆ. ಇನ್ನೊಂದು ಸಲ ಕೂಗಿದೆ.

"ಇವ್ನಿ ಕಣಪ್ಪ" ಎಂದ ಒಳಗಿಂದ.